ಮದ್ದಿಗೆ ಅಳತೆಯೇ ಕಾವಲು

ಸಂಡೂರಿನ ಗಣಿ ಸೀಮೆಯಲ್ಲಿ ಎಲ್ಲಕ್ಕಿಂತ ಅಪಾಯದ ಕಟ್ಟಡ ಯಾವುದೆಂದು ಕೇಳಿದರೆ ಹೊಸಬರು ಅದಿರು ಪುಡಿ ಮಾಡುವ ಕ್ರಷರಿನ ಕಡೆಗೋ, ಲಾರಿಗಳು ಸಾಲುಗಟ್ಟಿ ನಿಂತ ಲೋಡಿಂಗ್ ಜಾಗದ ಕಡೆಗೋ ಕೈ ತೋರಿಸಿಯಾರು. ನಿಜವಾದ ಉತ್ತರ ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದೇ ಇಲ್ಲ. ಅದು ಊರಿನಿಂದಲೂ ಕೆಲಸದ ಜಾಗದಿಂದಲೂ ದೂರವಿರುವ ಒಂಟಿ ಕೋಣೆ. ಸುತ್ತ ತಂತಿ ಬೇಲಿ, ಬೇಲಿಯೊಳಗೆ ಹುಲ್ಲು ಕಿತ್ತು ಬೋಳು ಮಾಡಿದ ನೆಲ, ಮಾಡಿನ ಮೇಲೆ ಸಿಡಿಲನ್ನು ಭೂಮಿಗೆ ಇಳಿಸುವ ಸಲಾಕೆ. ಒಳಗೆ ಹೋಗುವವರು ಮೊಳೆ ಹೊಡೆದ ಬೂಟು ಹಾಕುವಂತಿಲ್ಲ; ಬೀಡಿ, ಬೆಂಕಿಪೊಟ್ಟಣ, ಮೊಬೈಲು ಎಲ್ಲವನ್ನೂ ಕಾವಲುಗಾರನ ಕೈಗೆ ಕೊಟ್ಟು ಹೋಗಬೇಕು. ಸಿಡಿಮದ್ದಿನ ಪೆಟ್ಟಿಗೆಗಳನ್ನು ಗೋಡೆಗೆ ತಾಗದಂತೆ, ಗಾಳಿಯಾಡುವಂತೆ ಜೋಡಿಸಿರುತ್ತಾರೆ. ಮದ್ದಿಗೆ ಕಿಡಿ ಹಚ್ಚುವ ಡಿಟೋನೇಟರುಗಳಿಗೆ ಬೇರೆಯದೇ ಕೋಣೆ. ಬಾಗಿಲ ಬಳಿ ಒಂದು ದಪ್ಪ ಪುಸ್ತಕ. ಅದರಲ್ಲಿ ಬಂದದ್ದು, ಹೋದದ್ದು, ಮರಳಿದ್ದು, ಉಳಿದದ್ದು ಎಂಬ ಕಾಲಮ್ಮುಗಳು. ಗಣಿಯವರು ಈ ಕಟ್ಟಡವನ್ನು ಮ್ಯಾಗಜೀನ್ ಎನ್ನುತ್ತಾರೆ. ಅರಬ್ಬಿಯಲ್ಲಿ ಉಗ್ರಾಣ ಎಂಬ ಅರ್ಥವಿದ್ದ ಪದ ಯುರೋಪು ಸುತ್ತಿ ನಮ್ಮ ಗುಡ್ಡ ಹತ್ತಿದೆ. ಈ ಕಟ್ಟಡದಲ್ಲಿ ಜೀವ ಕಾಯುವ ಕೆಲಸವನ್ನು ಗೋಡೆಗಿಂತ, ಬೀಗಕ್ಕಿಂತ, ಬಾಗಿಲ ಬಳಿಯ ಆ ಪುಸ್ತಕವೇ ಹೆಚ್ಚು ಮಾಡುತ್ತದೆ ಎಂಬುದು ಈ ಲೇಖನದ ವಾದ. ಸಿಡಿಯುವ ವಸ್ತು ಕೊಲ್ಲುವುದು ಹೆಚ್ಚಾಗಿ ಅದರ ಲೆಕ್ಕ ತಪ್ಪಿದ ಜಾಗದಲ್ಲಿ. ಎಷ್ಟಿದೆ, ಎಲ್ಲಿದೆ, ಎಂದಿನಿಂದ ಇದೆ, ಯಾರ ಕೈಯಲ್ಲಿದೆ ಎಂಬ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೆ ಉತ್ತರ ಇಲ್ಲವಾದರೂ ಉಳಿದ ಎಚ್ಚರಿಕೆಗಳೆಲ್ಲ ಬಲ ಕಳೆದುಕೊಳ್ಳುತ್ತವೆ.

ಈ ಮಾತನ್ನು ಈ ಸೀಮೆಯಿಂದಲೇ ಎತ್ತಿಕೊಳ್ಳಲು ಕಾರಣವಿದೆ. ಹೊಸಪೇಟೆಯಿಂದ ಸ್ವಾಮಿಹಳ್ಳಿಯ ಕಡೆಗೆ ಹೋಗುವ ರೈಲು ಹಳಿ ಯಶವಂತನಗರವನ್ನು ಹಾದುಹೋಗುತ್ತದೆ. ಆ ಹಳಿ ಹುಟ್ಟಿದ್ದೇ ಗುಡ್ಡದ ಅದಿರಿಗಾಗಿ. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದಲೇ ಸಂಡೂರು ಸಂಸ್ಥಾನದ ಗುಡ್ಡಗಳಲ್ಲಿ ಮ್ಯಾಂಗನೀಸ್ ತೆಗೆಯುತ್ತಿದ್ದರು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಹುಟ್ಟಿತು. 1977ರಲ್ಲಿ ದೋಣಿಮಲೈಯಲ್ಲಿ ಸರ್ಕಾರಿ ಸಂಸ್ಥೆ ಎನ್‌ಎಂಡಿಸಿಯ ಕಬ್ಬಿಣದ ಗಣಿ ಶುರುವಾಯಿತು. ಅತ್ತ ತುಂಗಭದ್ರಾ ಅಣೆಕಟ್ಟು ಎದ್ದು ನಿಂತದ್ದು ಒಡೆದು ತಂದ ಕಲ್ಲಿನಿಂದ. ಆ ಅಣೆಕಟ್ಟಿನ ಕಾಲುವೆಗಳಿಗೂ ಬಂಡೆ ಅಡ್ಡ ಬಂದಾಗ ಮದ್ದೇ ದಾರಿ ಬಿಡಿಸಿದೆ. ರಸ್ತೆಗೆ ಜಲ್ಲಿ, ಮನೆಗೆ ಸೈಜುಗಲ್ಲು, ತೋಟಕ್ಕೆ ಬಾವಿ, ಇದರಲ್ಲಿ ಯಾವುದು ಬೇಕೆಂದರೂ ಎಲ್ಲೋ ಒಂದು ಕಡೆ ಒಂದು ತೂತು ಕೊರೆದು ಅದರಲ್ಲಿ ಮದ್ದು ತುಂಬಬೇಕು. ಹೀಗಾಗಿ ಸಿಡಿಮದ್ದು ಬೇಡವೇ ಬೇಡ ಎನ್ನುವುದು ಇಲ್ಲಿ ಪ್ರಾಮಾಣಿಕ ಮಾತಾಗದು. ಅದರ ಜೊತೆ ಬದುಕುವ ಶಿಸ್ತು ಯಾವುದು ಎಂದು ಕೇಳುವುದೇ ಸರಿಯಾದ ಪ್ರಶ್ನೆ.

ಉತ್ತರದ ಎಳೆ ನಮ್ಮ ಭಾಷೆಯೊಳಗೇ ಇದೆ. ಕನ್ನಡ ಔಷಧವನ್ನೂ ಸಿಡಿಯುವ ಪುಡಿಯನ್ನೂ ಒಂದೇ ಹೆಸರಿನಿಂದ ಕರೆಯುತ್ತದೆ: ಮದ್ದು. ಮಗುವಿಗೆ ಅರೆದು ನೆಕ್ಕಿಸುವುದೂ ಮದ್ದು, ಕೋವಿಗೆ ಜಡಿಯುವುದೂ ಮದ್ದು. ಎರಡನ್ನೂ ಅರೆದು ಬೆರೆಸಿ ತೂಗಿ ತಯಾರಿಸಬೇಕಿತ್ತು ಎಂಬುದು ಈ ಹೆಸರಿನ ಹಿಂದಿರಬಹುದು. ಔಷಧದ ಗುಳಿಗೆಗೆ ನಾವು ಮಾತ್ರೆ ಎನ್ನುತ್ತೇವೆ, ಮಾತ್ರೆಯೆಂದರೆ ಅಳತೆ. ಅಳತೆ ಮೀರಿದರೆ ಮದ್ದು ವಿಷವಾಗುತ್ತದೆ ಎಂಬುದು ಹಳ್ಳಿಯ ಅಜ್ಜಿಗೂ ಗೊತ್ತು. ಮೈಗೆ ಕೊಡುವ ಮದ್ದಿನ ವಿಷಯದಲ್ಲಿ ಇಷ್ಟು ಸಹಜವಾಗಿ ಒಪ್ಪಿಕೊಂಡ ಈ ತಿಳಿವಳಿಕೆಯನ್ನು ಬಂಡೆಗೆ ಕೊಡುವ ಮದ್ದಿನ ವಿಷಯದಲ್ಲಿ ನಾವು ಕೈಬಿಟ್ಟಿದ್ದೇವೆ.

ಹಿಂದಿನವರು ಬಿಟ್ಟಿರಲಿಲ್ಲ. ಚಿತ್ರದುರ್ಗದ ಕೋಟೆಯೊಳಗೆ ಮದ್ದು ಬೀಸುವ ಕಲ್ಲುಗಳನ್ನು ಇಂದಿಗೂ ನೋಡಬಹುದು. ನೆಲ ಅಗೆದು ಮಾಡಿದ ತಗ್ಗಿನಲ್ಲಿ ನಾಲ್ಕು ದೊಡ್ಡ ಬೀಸುಕಲ್ಲುಗಳು. ಗದ್ದಲದ ಬೀದಿಗಿಂತ ಕೆಳಗೆ, ಸುತ್ತ ಕಲ್ಲಿನ ಅಂಚು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳು ಒಂದೇ ಕಡೆ ಗುಂಪಾಗಿಲ್ಲ. ದಪ್ಪ ಇಟ್ಟಿಗೆ ಗಾರೆಯ ಗೋಡೆ, ಅರ್ಧ ನೆಲದೊಳಗೆ ಹುದುಗಿದ ಮೈ, ಒಂದರಿಂದೊಂದು ದೂರ. ಅವುಗಳಲ್ಲೊಂದು, ಜೋಡಿ ರೈಲು ಹಳಿ ಹಾಕಲು ಅಡ್ಡ ಬಂದಾಗ 2017ರಲ್ಲಿ ಅದನ್ನು ಒಡೆಯದೆ ಇಡಿಯಾಗಿ ಎತ್ತಿ ನೂರಾರು ಅಡಿ ಆಚೆಗೆ ಸರಿಸಿದ್ದು ಹಲವರಿಗೆ ನೆನಪಿರಬೇಕು. ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಯ ನಡುವೆಯೂ ನೆಲಮಾಳಿಗೆಯಂಥ ತಂಪು ಕೋಣೆಗಳಿವೆ. ಇವನ್ನೆಲ್ಲ ಕಟ್ಟಿಸಿದವರಿಗೆ ರಸಾಯನಶಾಸ್ತ್ರದ ಸೂತ್ರ ಗೊತ್ತಿರಲಿಲ್ಲ. ಆದರೆ ಮದ್ದನ್ನು ತಂಪಾಗಿ, ಒಣಗಿದ ಜಾಗದಲ್ಲಿ, ಹಂಚಿ ಇಡಬೇಕೆಂಬುದು ಗೊತ್ತಿತ್ತು. ಒಂದು ಕೋಣೆ ಹೋದರೂ ಕೋಟೆ ಉಳಿಯಬೇಕು ಎಂಬುದು ಆ ಹಂಚಿಕೆಯ ಲೆಕ್ಕಾಚಾರ.

ಗುಲಗಂಜಿ ತೂಕದ ಪಾಠ

ಅಳತೆಯ ಬೆಲೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅತ್ಯಂತ ಸಣ್ಣ ಪ್ರಮಾಣದಲ್ಲಿ. ಹಳೆಯ ಕರಿಮದ್ದು ಗಂಧಕ, ಇದ್ದಿಲು, ಪೆಟ್ಲುಪ್ಪುಗಳ ಬೆರಕೆ. ಕಿಡಿ ತಾಗಿದರೆ ಸಾಕು, ಭಗ್ಗೆನ್ನುತ್ತದೆ. ದಟ್ಟ ಹೊಗೆ ಬಿಡುತ್ತದೆ. 1884ರಲ್ಲಿ ಫ್ರಾನ್ಸಿನ ಪೌಲ್ ವಿಯೇಲ್ ನೈಟ್ರೋಸೆಲ್ಯುಲೋಸಿನಿಂದ ಹೊಗೆಯಿಲ್ಲದ ಮದ್ದನ್ನು ಮಾಡಿದ. ಐದೇ ವರ್ಷದಲ್ಲಿ ಇಂಗ್ಲೆಂಡಿನಲ್ಲಿ ಕಾರ್ಡೈಟ್ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ಗಡಿಯಾಚೆಯ ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆಯೇ ತಲೆಯೆತ್ತಿತು. ಹೊಸ ಮದ್ದು ಹೊಗೆಯನ್ನು ಕಳೆದುಕೊಂಡಿತು, ಶಕ್ತಿಯನ್ನು ಹೆಚ್ಚಿಸಿಕೊಂಡಿತು. ಅದರೊಂದಿಗೆ ಅಳೆಯುವ ರೀತಿಯೇ ಬದಲಾಗಬೇಕಾಯಿತು. ಕರಿಮದ್ದನ್ನು ಕೊಂಬಿನ ಬಾಯಿಯಿಂದಲೋ ಸಣ್ಣ ಅಳತೆಯ ಡಬ್ಬಿಯಿಂದಲೋ ಸುರಿದು ಅಳೆಯುತ್ತಿದ್ದರು. ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತಿತ್ತು. ಹೊಗೆಯಿಲ್ಲದ ಮದ್ದಿಗೆ ಆ ಸಲಿಗೆ ಇಲ್ಲ. ಕರಿಮದ್ದಿಗೆಂದು ಮಾಡಿದ ಹಳೆಯ ನಳಿಗೆಗೆ ಅದೇ ಡಬ್ಬಿಯಷ್ಟು ಹೊಸ ಮದ್ದು ಹಾಕಿದರೆ ನಳಿಗೆ ಹಿಡಿದವನ ಮುಖದ ಬಳಿಯೇ ಸಿಡಿಯುತ್ತದೆ.

ಆದ್ದರಿಂದಲೇ ತೋಟಾಗಳಿಗೆ ಮದ್ದು ತುಂಬಲು ಕಾನೂನಿನ ಅನುಮತಿ ಇರುವ ದೇಶಗಳಲ್ಲಿ ಅದನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಗ್ರಾಮಿಗೆ ಹದಿನೈದಕ್ಕಿಂತ ಸ್ವಲ್ಪ ಹೆಚ್ಚು ಗ್ರೇನ್. ನಮ್ಮ ಅಕ್ಕಸಾಲಿಗರು ಹೊನ್ನು ತೂಗುತ್ತಿದ್ದ ಒಂದು ಗುಲಗಂಜಿ ಸುಮಾರು 0.12 ಗ್ರಾಂ, ಅಂದರೆ ಎರಡು ಗ್ರೇನಿಗೆ ಹತ್ತಿರ. ಇಪ್ಪತ್ತು ಗ್ರೇನ್ ಬೇಕಾದ ಕಡೆ ಒಂದು ಗುಲಗಂಜಿಯಷ್ಟು ಹೆಚ್ಚಾದರೆ ಮದ್ದು ಹತ್ತರಲ್ಲಿ ಒಂದು ಪಾಲು ಹೆಚ್ಚಿದಂತೆ; ನಳಿಗೆಯೊಳಗಿನ ಒತ್ತಡವಂತೂ ಅದಕ್ಕಿಂತ ವೇಗವಾಗಿ ಏರುತ್ತದೆ. ಹೀಗಾಗಿ ಅಲ್ಲಿನ ಕಟ್ಟುಪಾಡುಗಳು ಅಕ್ಕಸಾಲಿಗನ ಅಂಗಡಿಯ ಶಿಸ್ತನ್ನೇ ಹೋಲುತ್ತವೆ: ಗಾಳಿ ಬೀಸದ ಕಡೆ ತ್ರಾಸು ಇಡುವುದು, ಗೊತ್ತಿರುವ ತೂಕದ ಬಟ್ಟಿನಿಂದ ತ್ರಾಸನ್ನೇ ಮೊದಲು ಪರೀಕ್ಷಿಸುವುದು, ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಬಗೆಯ ಮದ್ದಿನ ಡಬ್ಬಿ ಇಡುವುದು, ಕೆಲಸ ಮುಗಿದ ಕೂಡಲೇ ಉಳಿದದ್ದನ್ನು ಅದೇ ಡಬ್ಬಿಗೆ ಸುರಿದು ಮುಚ್ಚುವುದು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದೇ ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಕೋವಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ ವಿನಾಯಿತಿ. ಮನೆಯಲ್ಲಿ ಮದ್ದು ಬೆರೆಸಲು ಕೊಟ್ಟ ಒಪ್ಪಿಗೆ ಎಂದು ಯಾರೂ ಓದಿಕೊಳ್ಳಬಾರದು.

ಸಂಗ್ರಹದ ಬಗ್ಗೆ ಹೊಗೆಯಿಲ್ಲದ ಮದ್ದು ಕಲಿಸುವ ಪಾಠ ನಮ್ಮ ಸಾಮಾನ್ಯ ಊಹೆಗೆ ವಿರುದ್ಧವಾದದ್ದು. ಅಪಾಯದ ವಸ್ತುವನ್ನು ಗಟ್ಟಿಮುಟ್ಟಾದ ಕಬ್ಬಿಣದ ಪೆಟ್ಟಿಗೆಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಈ ಮದ್ದು ಬಯಲಿನಲ್ಲಿ ಹೊತ್ತಿಕೊಂಡರೆ ಜೋರಾಗಿ ಉರಿಯುತ್ತದೆ ಅಷ್ಟೆ. ಬಿಗಿಯಾದ ದಪ್ಪ ಪೆಟ್ಟಿಗೆಯೊಳಗೆ ಹೊತ್ತಿಕೊಂಡರೆ ಅನಿಲಕ್ಕೆ ಹೊರಬರಲು ದಾರಿಯಿಲ್ಲದೆ ಪೆಟ್ಟಿಗೆಯೇ ಬಾಂಬಾಗುತ್ತದೆ. ಅದಕ್ಕಾಗಿ ತಯಾರಕರು ಅದನ್ನು ಸುಲಭವಾಗಿ ಬಾಯಿ ಬಿಡುವ ತೆಳು ಡಬ್ಬಿಯಲ್ಲಿ ತುಂಬುತ್ತಾರೆ. ಡಬ್ಬಿಗಳನ್ನು ಇಡಲು ಮರದ ಪೆಟ್ಟಿಗೆ ಬಳಸುತ್ತಾರೆ. ಕಾಲದ ಲೆಕ್ಕವೂ ಅಷ್ಟೇ ಮುಖ್ಯ. ನೈಟ್ರೋಸೆಲ್ಯುಲೋಸ್ ತಾನಾಗಿಯೇ ನಿಧಾನವಾಗಿ ಕೆಡುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ ಕೆಡುತ್ತದೆ, ಕೆಡುತ್ತಾ ತಾನೇ ಬಿಸಿ ಹುಟ್ಟಿಸಿಕೊಳ್ಳುತ್ತದೆ. ಫ್ರಾನ್ಸಿನ ತೂಲಾನ್ ಬಂದರಿನಲ್ಲಿ 1907ರಲ್ಲಿ ಇಯೇನಾ, 1911ರಲ್ಲಿ ಲಿಬರ್ತೆ ಎಂಬ ಎರಡು ಯುದ್ಧನೌಕೆಗಳು ಶತ್ರುವಿನ ಒಂದು ಗುಂಡೂ ತಗಲದೆ ತಮ್ಮ ಉಗ್ರಾಣದಲ್ಲಿದ್ದ ಹಳೆಯ ಮದ್ದಿನಿಂದಲೇ ಸ್ಫೋಟಿಸಿದವು. ನೂರಾರು ನಾವಿಕರು ಸತ್ತರು. ಅಂದಿನಿಂದ ಮದ್ದಿಗೆ ಕೆಡದಂತೆ ಕಾಯುವ ರಾಸಾಯನಿಕಗಳನ್ನು ಬೆರೆಸುವುದೂ ದಾಸ್ತಾನನ್ನು ಕಾಲಕಾಲಕ್ಕೆ ಪರೀಕ್ಷಿಸುವುದೂ ಬಿಗಿಯಾದವು. ಹುಳಿ ಘಾಟು ಹೊಡೆಯುವ, ತುಕ್ಕು ಬಣ್ಣದ ಧೂಳು ಬಿಡುವ ಮದ್ದು ತಾನಿನ್ನು ಕೈಮೀರುತ್ತಿದ್ದೇನೆ ಎಂದು ಸಾರುತ್ತಿರುತ್ತದೆ. ಡಬ್ಬಿಯ ಮೇಲೆ ತಾರೀಖಿಲ್ಲದಿದ್ದರೆ, ಹೆಸರಿಲ್ಲದ ಬೇರೆ ಡಬ್ಬಿಗೆ ಸುರಿದಿಟ್ಟಿದ್ದರೆ, ಈ ಎಚ್ಚರಿಕೆಗೆ ಕಿವಿಗೊಡುವ ಸಾಧ್ಯತೆಯೇ ಉಳಿಯುವುದಿಲ್ಲ.

ಲೆಕ್ಕ ತಪ್ಪಿದ ಎರಡು ರಾತ್ರಿಗಳು

ಗ್ರೇನ್ ತೂಕದಿಂದ ಟನ್ ತೂಕಕ್ಕೆ ಬಂದರೂ ತತ್ವ ಬದಲಾಗುವುದಿಲ್ಲ. 2021ರ ಜನವರಿ 21ರ ರಾತ್ರಿ ಹತ್ತೂ ಕಾಲರ ಸುಮಾರಿಗೆ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಕಲ್ಲು ಕ್ರಷರಿನ ಆವರಣದಲ್ಲಿ ಸ್ಫೋಟಕ ತುಂಬಿದ್ದ ವಾಹನ ಸಿಡಿಯಿತು. ಸದ್ದು ಪಕ್ಕದ ಜಿಲ್ಲೆಗಳಿಗೂ ಕೇಳಿಸಿತು. ಜನ ಭೂಕಂಪವೆಂದು ಮನೆಯಿಂದ ಹೊರಗೋಡಿದರು. ಐವರಿಗಿಂತ ಹೆಚ್ಚು ಮಂದಿ ಗುರುತು ಸಿಗದಂತೆ ಛಿದ್ರವಾದರು. ತಿಂಗಳು ತುಂಬಿತೋ ಇಲ್ಲವೋ, ಫೆಬ್ರವರಿ 22ರ ನಡುರಾತ್ರಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಇನ್ನೊಂದು ಸ್ಫೋಟವಾಗಿ ಆರು ಮಂದಿ ಸತ್ತರು. ಅಕ್ರಮವಾಗಿ ಇಟ್ಟುಕೊಂಡಿದ್ದ ಜಿಲೆಟಿನ್ ಕಡ್ಡಿಗಳನ್ನು ಪೊಲೀಸರ ಭಯದಿಂದ ಕತ್ತಲಲ್ಲಿ ಸಾಗಿಸಿ ಕಳೆದುಬಿಡಲು ಹೋದಾಗ ಹೀಗಾಯಿತು ಎಂಬ ವಿವರಣೆ ಆಗ ಸರ್ಕಾರದ ಕಡೆಯಿಂದ ಬಂತು. ಎರಡೂ ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಬಂಡೆಯ ತೂತಿನೊಳಗೆ, ಸೈರನ್ ಕೂಗಿ, ಕೆಂಪು ಬಾವುಟ ಹಿಡಿದು, ಜನರನ್ನು ದೂರ ಕಳಿಸಿ ಮಾಡಿದ ಸ್ಫೋಟದಲ್ಲಿ ಇವರು ಸಾಯಲಿಲ್ಲ. ಮದ್ದು ಕೆಲಸ ಮಾಡದೆ ಸುಮ್ಮನೆ ಇದ್ದ ಹೊತ್ತಿನಲ್ಲಿ, ಇರಬಾರದ ಜಾಗದಲ್ಲಿ ಸತ್ತರು. ಮದ್ದಿನ ಬದುಕಿನಲ್ಲಿ ಅತ್ಯಂತ ಅಪಾಯದ ಗಳಿಗೆ ಸಿಡಿಸುವ ಗಳಿಗೆಯೆಂದು ನಾವು ಭಾವಿಸುತ್ತೇವೆ. ಈ ಎರಡು ರಾತ್ರಿಗಳು ಬೆರಳು ತೋರಿಸುವುದು ಇಡುವ, ಸಾಗಿಸುವ, ಬಚ್ಚಿಡುವ ಗಳಿಗೆಗಳ ಕಡೆಗೆ.

ಪಟಾಕಿಯ ಕತೆಯೂ ಇದೇ. 2023ರ ಅಕ್ಟೋಬರ್ 7ರಂದು ಬೆಂಗಳೂರಿನ ಬಳಿಯ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ವಾಹನದಿಂದ ಸರಕು ಇಳಿಸುತ್ತಿದ್ದಾಗ ಹೊತ್ತಿದ ಬೆಂಕಿ ಒಳಗಿದ್ದ ಕೆಲಸದ ಹುಡುಗರಿಗೆ ಹೊರಬರಲು ಬಿಡಲಿಲ್ಲ. ಹತ್ತಕ್ಕೂ ಹೆಚ್ಚು ಜೀವ ಹೋದವು. ಇಲ್ಲಿಯೂ ಪ್ರಶ್ನೆ ಬರುವುದು ಪ್ರಮಾಣಕ್ಕೇ: ಒಂದು ಸೂರಿನಡಿ ಎಷ್ಟು, ಅದರ ನಡುವೆ ಎಷ್ಟು ಜನ? ಸ್ಫೋಟಕ ಶಾಸ್ತ್ರದಲ್ಲಿ ಇದಕ್ಕೊಂದು ಸರಳ ಲೆಕ್ಕವಿದೆ. ಮದ್ದಿನ ಪ್ರಮಾಣ ಎಂಟು ಪಟ್ಟು ಹೆಚ್ಚಿದರೆ ಸುರಕ್ಷಿತ ದೂರ ಎರಡು ಪಟ್ಟು ಹೆಚ್ಚಬೇಕು. ಹಿಂದುಮುಂದಾಗಿ ಓದಿದರೆ ಇದರ ಅರ್ಥ ಇನ್ನೂ ತೀಕ್ಷ್ಣ: ಹಾಗೆ ದುಪ್ಪಟ್ಟು ದೂರ ಸರಿಯಲು ಜಾಗವೇ ಇಲ್ಲದ ಕಡೆ ಮದ್ದು ಹೆಚ್ಚಿಸುವ ಹಕ್ಕೂ ಇಲ್ಲ. ಮ್ಯಾಗಜೀನಿಗೆ ಪರವಾನಗಿ ಕೊಡುವಾಗ ಇಷ್ಟೇ ಕಿಲೋ ಎಂದು ಬರೆಯುವುದು ಈ ಲೆಕ್ಕದ ಮೇಲೆ. ಆ ಸಂಖ್ಯೆಯನ್ನು ಮೀರಿ ತಂದ ಒಂದು ಪೆಟ್ಟಿಗೆ ಸುತ್ತಲಿನ ಮನೆ, ರಸ್ತೆ, ಶಾಲೆಗಳನ್ನು ಅವುಗಳಿಗೆ ತಿಳಿಯದಂತೆ ಅಪಾಯದ ಗೆರೆಯೊಳಗೆ ಎಳೆದುಕೊಳ್ಳುತ್ತದೆ.

ಮರಳಿದ್ದು ಎಂಬ ಕಾಲಮ್ಮು

ದಾಸ್ತಾನು ಪುಸ್ತಕದಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುವುದು ಮೂರನೆಯ ಕಾಲಮ್ಮನ್ನು. ಬೆಳಗ್ಗೆ ನಲವತ್ತು ಕಡ್ಡಿ ಕೆಲಸಕ್ಕೆ ಹೋದವು ಎಂದುಕೊಳ್ಳೋಣ. ಮೂವತ್ತಾರು ಬಂಡೆಯೊಳಗೆ ಸಿಡಿದವು. ಉಳಿದ ನಾಲ್ಕು ಸಂಜೆ ಮ್ಯಾಗಜೀನಿಗೆ ಮರಳಿ ಬಂದು ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ನಲವತ್ತಕ್ಕೆ ನಲವತ್ತೂ ಖರ್ಚಾಯಿತು ಎಂದು ಬರೆದುಬಿಡುವುದು ಸುಲಭ. ನಾಲ್ಕು ಕಡ್ಡಿಗಾಗಿ ಗುಡ್ಡ ಹತ್ತಿ ಇಳಿಯುವ ಶ್ರಮ ಉಳಿಯುತ್ತದೆ. ಆ ನಾಲ್ಕು ಮುಂದೆಲ್ಲಿಗೆ ಹೋಗುತ್ತವೆ ಎಂಬುದಕ್ಕೆ ಈ ಸೀಮೆಯಲ್ಲಿ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಹಂಪಿಯ ಬಂಡೆಗಳ ನಡುವೆ ಹರಿಯುವ ಆ ನೀರಿಗೆ ಇರುವ ಕಂಟಕಗಳಲ್ಲಿ ಸಿಡಿಮದ್ದು ಎಸೆದು ಮೀನು ಹಿಡಿಯುವುದೂ ಒಂದು. ಒಂದು ಕಡ್ಡಿ ನೀರಿನಲ್ಲಿ ಸಿಡಿದರೆ ಬಲೆಗೆ ಬೇಕಾದ ದೊಡ್ಡ ಮೀನಿನ ಜೊತೆ ಮರಿ, ಮೊಟ್ಟೆ, ಹುಳು ಎಲ್ಲ ಹೋಗುತ್ತವೆ. ಎಸೆಯುವುದು ಕ್ಷಣ ತಡವಾದರೆ ಎಸೆದವನ ಕೈಯೂ ಹೋಗುತ್ತದೆ. 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಇದು ನಿಷಿದ್ಧ. ಮೀನು ಹಿಡಿಯುವವರು ಜಿಲೆಟಿನ್ ತಯಾರಿಸುವುದಿಲ್ಲ. ಅದು ಯಾವುದೋ ಪುಸ್ತಕದ ಮೂರನೆಯ ಕಾಲಮ್ಮಿನಿಂದ ಸೋರಿ ಬಂದಿರುತ್ತದೆ. ನದಿಯ ದಡದಲ್ಲಿ ಗಸ್ತು ಹೆಚ್ಚಿಸುವಷ್ಟೇ ಗಮನವನ್ನು ಗುಡ್ಡದ ಮೇಲಿನ ಸಂಜೆಯ ಲೆಕ್ಕಕ್ಕೂ ಕೊಟ್ಟರೆ ನೀರುನಾಯಿಗೂ ಅದು ಕಾವಲಾಗುತ್ತದೆ.

ಸಿಡಿಸುವ ಹೊತ್ತಿನ ಅಳತೆಯೂ ಇದೇ ಲೆಕ್ಕದ ಮುಂದುವರಿಕೆ. ಒಂದೇ ಕ್ಷಣದಲ್ಲಿ ಎಷ್ಟು ಮದ್ದು ಸಿಡಿಯುತ್ತದೆ ಎಂಬುದರ ಮೇಲೆ ನೆಲದ ಅದುರು ನಿಂತಿದೆ. ಅಷ್ಟೇ ಮದ್ದನ್ನು ಕೆಲವು ಮಿಲಿಸೆಕೆಂಡುಗಳ ಅಂತರದಲ್ಲಿ ಸಾಲಾಗಿ ಸಿಡಿಸಿದರೆ ಬಂಡೆ ಚೆನ್ನಾಗಿ ಒಡೆಯುತ್ತದೆ, ಊರಿನ ಗೋಡೆ ಕಡಿಮೆ ಅದುರುತ್ತದೆ. ತೂತಿನ ಆಳ, ತೂತುಗಳ ನಡುವಿನ ಅಂತರ, ಮೇಲೆ ಜಡಿಯುವ ಮಣ್ಣಿನ ಪ್ರಮಾಣ ಇವನ್ನು ಅಳೆಯದೆ ಎರಡು ಕಡ್ಡಿ ಹೆಚ್ಚು ಹಾಕು ಎನ್ನುವ ಕೆಲಸಗಾರಿಕೆಯಲ್ಲಿ ಹೆಚ್ಚಾದ ಆ ಶಕ್ತಿ ಬಂಡೆ ಒಡೆಯಲು ಬಳಕೆಯಾಗುವುದಿಲ್ಲ. ಹಾರುವ ಕಲ್ಲಾಗಿ, ಸದ್ದಾಗಿ, ಗೋಡೆಯ ಬಿರುಕಾಗಿ ಪೋಲಾಗುತ್ತದೆ. ಅಳೆದು ಹಾಕುವುದು ಮಾಲೀಕನ ಜೇಬಿಗೂ ಲಾಭವೇ.

ಕೇಳಬಹುದಾದ ಮಾತುಗಳು

ಈ ವಾದಕ್ಕೆ ಎದುರು ಮಾತುಗಳಿವೆ. ಅವು ಹುಸಿ ಮಾತುಗಳಲ್ಲ. ಮೊದಲನೆಯದು ಅನುಭವದ ಮಾತು: ಮೂವತ್ತು ವರ್ಷದಿಂದ ಕಲ್ಲು ಸಿಡಿಸುತ್ತಿರುವವನ ಕೈಯ ಅಂದಾಜೇ ತ್ರಾಸು, ಅವನಿಗೆ ಪುಸ್ತಕ ಬೇಕಿಲ್ಲ. ಕೈ ಅನುಭವಕ್ಕೆ ಬೆಲೆ ಖಂಡಿತ ಇದೆ. ಬಂಡೆಯ ಎಳೆ ನೋಡಿ ತೂತಿನ ಜಾಗ ಹೇಳುವ ಭೋವಿ ಸಮುದಾಯದ ಹಿರಿಯನ ಕಣ್ಣನ್ನು ಯಾವ ಯಂತ್ರವೂ ಸುಲಭಕ್ಕೆ ಸರಿಗಟ್ಟದು. ಆದರೆ ಅನುಭವ ಕಲಿಸುವುದು ಆದದ್ದನ್ನು ಮಾತ್ರ. ಇನ್ನೂ ಆಗದ್ದನ್ನು ಅದು ಕಲಿಸಲಾರದು. ಜರ್ಮನಿಯ ಓಪಾವ್ ಎಂಬಲ್ಲಿನ ಗೊಬ್ಬರದ ಕಾರ್ಖಾನೆಯಲ್ಲಿ ಅಮೋನಿಯಂ ನೈಟ್ರೇಟ್ ಬೆರೆತ ಗೊಬ್ಬರ ಗಟ್ಟಿಯಾದಾಗಲೆಲ್ಲ ಸಣ್ಣ ಸಿಡಿಮದ್ದಿಟ್ಟು ಸಡಿಲಿಸುತ್ತಿದ್ದರು. ಸಾವಿರಾರು ಸಲ ಏನೂ ಆಗಲಿಲ್ಲ. 1921ರ ಸೆಪ್ಟೆಂಬರ್ 21ರ ಬೆಳಗ್ಗೆ ಇಡೀ ರಾಶಿಯ ಒಂದು ಭಾಗ ಸಿಡಿದು ಐನೂರಕ್ಕೂ ಹೆಚ್ಚು ಜನ ಸತ್ತರು. ಸಾವಿರ ಸಲ ಏನೂ ಆಗಲಿಲ್ಲ ಎಂಬುದನ್ನು ಅವರು ಸುರಕ್ಷೆಯ ಪುರಾವೆ ಎಂದು ಓದಿದ್ದರು. ಬೆರಕೆಯ ಪ್ರಮಾಣ ಎಲ್ಲೆಡೆ ಒಂದೇ ಇದೆಯೇ ಎಂದು ಅಳೆದು ನೋಡಿದ್ದರೆ ಬೇರೆ ಓದು ಸಿಗುತ್ತಿತ್ತು.

ಎರಡನೆಯದು ಕಾಗದದ ಮೇಲಿನ ಅಪನಂಬಿಕೆ. 1884ರ ಸ್ಫೋಟಕ ಕಾಯ್ದೆ ಇದೆ, 2008ರ ಸ್ಫೋಟಕ ನಿಯಮಗಳಿವೆ, 2012ರ ಅಮೋನಿಯಂ ನೈಟ್ರೇಟ್ ನಿಯಮಗಳಿವೆ, ನಾಗಪುರದಲ್ಲಿ ಸ್ಫೋಟಕಗಳ ಸುರಕ್ಷೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಪೆಸೋ ಇದೆ, ಗಣಿ ಸುರಕ್ಷತಾ ನಿರ್ದೇಶನಾಲಯದ ಪ್ರಾದೇಶಿಕ ಕಚೇರಿ ಬಳ್ಳಾರಿಯಲ್ಲೇ ಇದೆ. ಇಷ್ಟಿದ್ದೂ ಹುಣಸೋಡು ನಡೆಯಲಿಲ್ಲವೇ ಎಂದು ಕೇಳುತ್ತಾರೆ. ಲೆಬನಾನಿನ ಬೈರೂತಿನ ಉದಾಹರಣೆಯನ್ನೂ ಕೊಡಬಹುದು. ಅಲ್ಲಿನ ಬಂದರಿನ ಗೋದಾಮಿನಲ್ಲಿ 2,750 ಟನ್ ಅಮೋನಿಯಂ ನೈಟ್ರೇಟ್ ಇದೆಯೆಂದು ಕಾಗದದ ಮೇಲೆ ವರ್ಷಗಟ್ಟಲೆ ಬರೆದಿತ್ತು, ಅಧಿಕಾರಿಗಳ ನಡುವೆ ಪತ್ರಗಳೂ ಓಡಾಡಿದ್ದವು; ಆದರೂ 2020ರ ಆಗಸ್ಟ್ 4ರಂದು ಅದು ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಇದು ನನ್ನ ವಾದಕ್ಕೆ ಬಂದ ಅತ್ಯಂತ ಗಟ್ಟಿ ಪೆಟ್ಟು. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಬರೆದಿಟ್ಟ ಸಂಖ್ಯೆಯೊಂದೇ ಲೆಕ್ಕವಾಗದು. ಕಿರಾಣಿ ಅಂಗಡಿಯವನು ರಾತ್ರಿ ಲೆಕ್ಕ ಮುಗಿಸುವಾಗ ಗಲ್ಲಾಪೆಟ್ಟಿಗೆಯ ಹಣವನ್ನು ಎಣಿಸಿ ಪುಸ್ತಕಕ್ಕೆ ಹೊಂದಿಸುತ್ತಾನೆ, ಹೊಂದದಿದ್ದರೆ ಮಲಗುವುದಿಲ್ಲ. ಮದ್ದಿಗೆ ಬೇಕಾದದ್ದು ಆ ಬಗೆಯ ಲೆಕ್ಕ: ಪ್ರತಿದಿನ ಮುಚ್ಚುವ, ಕೈಯಿಂದ ಎಣಿಸಿ ಹೊಂದಿಸುವ, ಹೊಂದದಿದ್ದಾಗ ಮರುದಿನದ ಕೆಲಸ ನಿಲ್ಲಿಸುವ ಅಧಿಕಾರ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಇರುವ ಲೆಕ್ಕ. ಬೈರೂತಿನಲ್ಲಿ ಸಂಖ್ಯೆ ಇತ್ತು, ಅದಕ್ಕೆ ವಾರಸುದಾರ ಇರಲಿಲ್ಲ.

ಮೂರನೆಯ ಮಾತು ಎಲ್ಲಕ್ಕಿಂತ ಭಾರವಾದದ್ದು: ದೊಡ್ಡ ಗಣಿಗೆ ಮ್ಯಾಗಜೀನ್, ಸರ್ಟಿಫಿಕೇಟ್ ಪಡೆದ ಬ್ಲಾಸ್ಟರ್, ಕಾವಲು ಎಲ್ಲ ಕೈಗೆಟುಕುತ್ತದೆ, ಎರಡೆಕರೆಯ ಕಲ್ಲು ಕ್ವಾರಿಯವನಿಗೆ, ಟ್ರ್ಯಾಕ್ಟರ್ ಕಂಪ್ರೆಸರ್ ಹೊಡೆದುಕೊಂಡು ಊರೂರು ತಿರುಗಿ ಬಾವಿ ತೋಡುವವನಿಗೆ ಎಟುಕುವುದಿಲ್ಲ. ನಿಯಮ ಬಿಗಿಯಾದಷ್ಟೂ ಅವನು ಕತ್ತಲಿಗೆ ಸರಿಯುತ್ತಾನೆ. ಇದು ನಿಜ. ಹಿರೇನಾಗವಲ್ಲಿಯಲ್ಲಿ ಸತ್ತವರು ಮದ್ದಿನ ಜೊತೆಗೆ ಭಯವನ್ನೂ ಹೊತ್ತು ನಡೆದಿದ್ದರು. ಆದರೆ ಇದರಿಂದ ಹೊರಡುವ ತೀರ್ಮಾನ ನಿಯಮ ಸಡಿಲಿಸಬೇಕೆಂಬುದಲ್ಲ. ನಿಯಮ ಪಾಲಿಸುವ ದಾರಿಯನ್ನು ಬಡವನ ಹತ್ತಿರಕ್ಕೆ ತರಬೇಕು. ಸಣ್ಣ ಕ್ವಾರಿಗಳು ಸೇರಿ ತಾಲ್ಲೂಕಿಗೊಂದು ಹಂಚಿಕೆಯ ಮ್ಯಾಗಜೀನ್ ಇಟ್ಟುಕೊಳ್ಳುವ ಏರ್ಪಾಡಾಗಲಿ. ಪರವಾನಗಿ ಇರುವ ವ್ಯಾನು ಅಂದಂದಿನ ಕೆಲಸಕ್ಕೆ ಬೇಕಾದಷ್ಟನ್ನೇ ತಂದು, ಸಂಜೆ ಉಳಿದದ್ದನ್ನು ಹೊತ್ತೊಯ್ಯಲಿ. ಹಾಗಾದರೆ ರಾತ್ರಿ ಕ್ವಾರಿಯಲ್ಲಿ ಒಂದು ಕಡ್ಡಿಯೂ ಮಲಗುವುದಿಲ್ಲ. ಹಳೆಯ ಜಿಲೆಟಿನ್, ಡಿಟೋನೇಟರು ಇಟ್ಟುಕೊಂಡವರು ಶಿಕ್ಷೆಯ ಭಯವಿಲ್ಲದೆ ಹೇಳಿಕೊಳ್ಳಲು ವರ್ಷಕ್ಕೊಮ್ಮೆ ಅವಕಾಶ ಕೊಡಲಿ. ಅವರು ಅದನ್ನು ಮುಟ್ಟದೆ ಇದ್ದಲ್ಲೇ ಬಿಡಲಿ, ಬಾಂಬ್ ನಿಷ್ಕ್ರಿಯ ದಳದವರೇ ಬಂದು ಒಯ್ಯಲಿ. ಪೆಟ್ಟಿಗೆಯ ಮೇಲಿನ ಎಚ್ಚರಿಕೆಯೂ ದಾಸ್ತಾನು ಪುಸ್ತಕವೂ ಕನ್ನಡದಲ್ಲಿರಲಿ. ತಾನು ಓದಲಾಗದ ಲೆಕ್ಕಕ್ಕೆ ಹೆಬ್ಬೆಟ್ಟು ಒತ್ತುವ ಕೆಲಸಗಾರ ಆ ಲೆಕ್ಕವನ್ನು ಕಾಯಲಾರ.

ನಾಲ್ಕನೆಯವರು ಹೊಸ ತಂತ್ರಜ್ಞಾನದ ಕಡೆ ಬೆರಳು ಮಾಡುತ್ತಾರೆ. ದೊಡ್ಡ ಗಣಿಗಳಲ್ಲಿ ಈಗ ಟ್ಯಾಂಕರಿನಂಥ ವಾಹನಗಳು ಸ್ಫೋಟಕದ ಕಚ್ಚಾ ಪದಾರ್ಥಗಳನ್ನಷ್ಟೇ ಹೊತ್ತು ಬರುತ್ತವೆ. ತೂತಿಗೆ ಪಂಪು ಮಾಡುವ ಹೊತ್ತಿಗೆ ಮಾತ್ರ ಅದು ಸಿಡಿಯುವ ಗುಣ ಪಡೆಯುತ್ತದೆ. ಹಾಗಿದ್ದರೆ ಸಂಗ್ರಹದ ಚಿಂತೆ ಇನ್ನೇಕೆ? ಈ ಬದಲಾವಣೆ ಸ್ವಾಗತಾರ್ಹ. ಸಂಗ್ರಹವೇ ಅಪಾಯದ ತಿರುಳು ಎಂಬುದನ್ನು ಅದೇ ಒಪ್ಪಿಕೊಂಡಂತಾಯಿತು. ಬೇಕಾದಾಗ, ಬೇಕಾದಷ್ಟೇ ಎಂಬ ಅಳತೆಯ ತತ್ವವೇ ಅಲ್ಲಿ ಯಂತ್ರವಾಗಿ ಬಂದಿದೆ. ಆದರೆ ಆ ವಾಹನ ಸಣ್ಣ ಕ್ವಾರಿಯ ದಾರಿ ಹಿಡಿಯುವುದಿಲ್ಲ, ಡಿಟೋನೇಟರುಗಳನ್ನಂತೂ ಎಲ್ಲರೂ ಇಟ್ಟುಕೊಳ್ಳಲೇಬೇಕು. ಬೆರಳುದ್ದದ ಆ ಕೊಳವೆ ಇಡೀ ಸರಣಿಯಲ್ಲೇ ಅತ್ಯಂತ ಸೂಕ್ಷ್ಮವಾದದ್ದು; ಅದು ಜೇಬಿನಲ್ಲಿ ಸೇರಿಹೋಗುವಷ್ಟು ಚಿಕ್ಕದು ಎಂಬ ಕಾರಣಕ್ಕೇ ಅದರ ಎಣಿಕೆ ಎಲ್ಲಕ್ಕಿಂತ ಬಿಗಿಯಾಗಬೇಕು.

ಹಂಪಿಯ ಬಂಡೆಗಳ ನಡುವೆ ನಡೆಯುವವರಿಗೆ ಕೆಲವು ಕಲ್ಲುಗಳ ಮೈಮೇಲೆ ಸಾಲಾಗಿ ಕೊರೆದ ಸಣ್ಣ ಚೌಕ ಕುಳಿಗಳು ಕಾಣುತ್ತವೆ. ವಿಜಯನಗರದ ಕಲ್ಲುಕುಟಿಗರು ಬಂಡೆ ಸೀಳಲು ಬೆಣೆ ಬಡಿಯುತ್ತಿದ್ದ ಗುರುತುಗಳವು. ಬೆರಳಿಟ್ಟು ನೋಡಿದರೆ ಒಂದು ಕುಳಿಗೂ ಇನ್ನೊಂದಕ್ಕೂ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ. ಕೆಲವು ಬಂಡೆಗಳು ಆ ಗೆರೆಗೆ ಸರಿಯಾಗಿ ಸೀಳಿ ಗುಡಿಯ ಕಂಬವಾಗಿ ಹೋಗಿವೆ. ಇನ್ನು ಕೆಲವಕ್ಕೆ ಕುಳಿ ಕೊರೆದು, ಯಾವ ಕಾರಣಕ್ಕೋ ಕೆಲಸ ನಿಲ್ಲಿಸಿ, ಹಾಗೆಯೇ ಬಿಟ್ಟು ಹೋಗಿದ್ದಾರೆ. ಶತಮಾನಗಳು ಕಳೆದವು, ಆ ಅರ್ಧ ಕೆಲಸದಿಂದ ಯಾರಿಗೂ ಕೇಡಾಗಲಿಲ್ಲ, ಮಕ್ಕಳು ಅದರ ಮೇಲೆ ಕಾಲಿಟ್ಟು ಹತ್ತುತ್ತಾರೆ. ನಮ್ಮ ಕಾಲದ ಕೆಲಸಗಾರನಿಗೆ ಆ ನಿಶ್ಚಿಂತೆ ಇಲ್ಲ. ಅವನು ಅರ್ಧಕ್ಕೆ ಬಿಟ್ಟ ಕೆಲಸ, ಮರೆತು ಬಂದ ಒಂದು ಕಡ್ಡಿ, ಬರೆಯದೆ ಬಿಟ್ಟ ಒಂದು ಸಂಖ್ಯೆ ಬಂಡೆಯಂತೆ ಸುಮ್ಮನೆ ಕಾಯುತ್ತಾ ಕೂರುವುದಿಲ್ಲ. ಆದ್ದರಿಂದಲೇ ಗುಡ್ಡದ ಮೇಲಿನ ಒಂಟಿ ಕೋಣೆಯ ಬಾಗಿಲಲ್ಲಿ ಸಂಜೆ ಐದು ನಿಮಿಷ ಕೂತು, ಮರಳಿ ಬಂದ ನಾಲ್ಕು ಕಡ್ಡಿಗಳನ್ನು ಎಣಿಸಿ ಬರೆದು, ಬೀಗ ಹಾಕಿ ಇಳಿದು ಬರುವ ಮನುಷ್ಯನ ಕೆಲಸವನ್ನು ನಾವು ಗುಮಾಸ್ತಿಕೆ ಎಂದು ಹಗುರವಾಗಿ ನೋಡಬಾರದು. ಆ ದಿನ ಆ ಗುಡ್ಡದ ಕೆಳಗೆ ನಿದ್ದೆ ಹೋಗುವ ಊರಿಗೆ ಅವನೇ ಕಾವಲು.